ಅಪ್ಪಿದ ಕೂಸಿನ ಮೇಲೊಂದು ಕೇಸು

ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ 2011ರಲ್ಲಿ ಒಬ್ಬ ಹುಡುಗನಿಗೆ ಎಂಟು ವರ್ಷ ತುಂಬಿತು. ಹುಟ್ಟುಹಬ್ಬಕ್ಕೆ ಹೊಸ ಸೈಕಲ್ ಬಂದಿತ್ತು. ಅದರ ಮೇಲೆ ಸುತ್ತು ಹೊಡೆಯುತ್ತಿದ್ದವನು ಅತ್ತೆ ಬಂದದ್ದನ್ನು ಕಂಡ; ಸೈಕಲ್ಲನ್ನು ಅಲ್ಲೇ ಕೆಡವಿ ಓಡಿ ಬಂದ; ಹಾರಿ ತಬ್ಬಿಕೊಂಡ. ಸುಮಾರು ಐವತ್ತು ಪೌಂಡ್ ತೂಕದ ಪ್ರೀತಿ. ಇಬ್ಬರೂ ನೆಲಕ್ಕೆ ಬಿದ್ದರು, ಅತ್ತೆಯ ಮಣಿಕಟ್ಟು ಮುರಿಯಿತು. ಹುಡುಗನ ಹಬ್ಬ ಕೆಡಿಸುವುದು ಬೇಡವೆಂದು ಆಕೆ ಅವತ್ತು ತುಟಿ ಬಿಚ್ಚಲಿಲ್ಲ. 2015ರ ಅಕ್ಟೋಬರಿನಲ್ಲಿ ಬ್ರಿಡ್ಜ್‌ಪೋರ್ಟಿನ ಕೋರ್ಟಿನಲ್ಲಿ ಬಿಚ್ಚಿದರು. ಪ್ರತಿವಾದಿಯ ಜಾಗದಲ್ಲಿ ಹನ್ನೆರಡು ವರ್ಷದ ಅದೇ ಹುಡುಗ ಕೂತಿದ್ದ. ಆಪಾದನೆ: ಅಜಾಗರೂಕತೆಯಿಂದ ಅಪ್ಪಿಕೊಂಡದ್ದು. ಎಂಟು ವರ್ಷದ ವಿವೇಕಿಯಾದವನು ಇಷ್ಟು ಜೋರಾಗಿ ಸ್ವಾಗತಿಸಿದರೆ ಏಟಾಗುತ್ತದೆಂದು ತಿಳಿದಿರಬೇಕಿತ್ತು ಎಂಬುದು ವಾದ. ಕೇಳಿದ ಪರಿಹಾರ 1,27,000 ಡಾಲರ್.

ಜ್ಯೂರಿ ಒಳಗೆ ಹೋಗಿ ಸುಮಾರು 25 ನಿಮಿಷದಲ್ಲಿ ಹೊರಗೆ ಬಂತು. ಹುಡುಗನದೇನೂ ತಪ್ಪಿಲ್ಲ, ಅತ್ತೆಗೆ ಒಂದು ಕಾಸೂ ಇಲ್ಲ. ಅಲ್ಲಿಗೆ ಕೋರ್ಟಿನ ಕೆಲಸ ಮುಗಿಯಿತು, ಲೋಕದ ಕೆಲಸ ಶುರುವಾಯಿತು. ಪತ್ರಿಕೆಗಳು ಆಕೆಯನ್ನು ಪೂತನಿಯ ಪಕ್ಕದಲ್ಲಿ ತಂದು ನಿಲ್ಲಿಸಿದವು. ಇಂಥ ಸುದ್ದಿ ಸಿಕ್ಕರೆ ನಮ್ಮವರಿಗಂತೂ ಹಬ್ಬ: "ನೋಡಿದಿರಾ, ಆ ದೇಶದಲ್ಲಿ ಸಂಬಂಧ ಅಂದರೆ ಇಷ್ಟೇ." ಹೀಗೆಂದವರಲ್ಲಿ ಎಷ್ಟು ಜನ ಅಣ್ಣನ ಮೇಲೆ ಪಾಲಿನ ದಾವೆ ಹೂಡಿ ಮೂವತ್ತು ವರ್ಷದಿಂದ ಮುಂದಿನ ತಾರೀಖಿಗೆ ಕಾಯುತ್ತಿದ್ದಾರೆಂದು ಕೇಳುವುದು ಸಭ್ಯತೆಯಲ್ಲ.

ಅತ್ತೆ ಕೈ ಹಾಕಿದ್ದು ಹುಡುಗನ ಹುಂಡಿಗಲ್ಲ ಎಂಬುದು ಆಮೇಲೆ ಹೊರಬಿತ್ತು. ಮುರಿದ ಕೈಗೆ ಸರ್ಜರಿಗಳಾಗಿದ್ದವು. ಅಮೆರಿಕದಲ್ಲಿ ಸರ್ಜನ್ನರ ಕತ್ತಿ ಎರಡು ಕಡೆ ಕುಯ್ಯುತ್ತದೆ, ಒಂದು ಕಡೆ ಮೈಯನ್ನು, ಇನ್ನೊಂದು ಕಡೆ ಜೇಬನ್ನು. ಹುಡುಗನ ಮನೆಗೆ ವಿಮೆ ಇತ್ತು. ಆ ಮನೆಯವರಿಂದ ಹೊರಗಿನವರಿಗೆ ಏಟಾದರೆ ಕೊಡುತ್ತೇವೆಂದು ಕಂಪನಿ ಬರೆದುಕೊಟ್ಟಿತ್ತು. ಕೇಳಿದಾಗ ಕೊಡಲು ಬಂದದ್ದು ಒಂದು ಡಾಲರ್ ಎಂದು ಅತ್ತೆಯ ವಕೀಲರು ಹೇಳಿದರು. ಸರಿ, ಕಂಪನಿಯ ಮೇಲೆ ಕೇಸು ಹಾಕೋಣವೆಂದರೆ ಆ ರಾಜ್ಯದ ಕಾನೂನು ಇಂಥ ದಾವೆಯಲ್ಲಿ ಕಂಪನಿಯ ಹೆಸರೆತ್ತಲು ಬಿಡುವುದಿಲ್ಲ. ಏಟು ಯಾರಿಂದ ಆಯಿತೋ ಅವರ ಹೆಸರೇ ಬರಬೇಕು. ಏಟು ಆದದ್ದು ಅಳಿಯನಿಂದ. ಆದ್ದರಿಂದ ಕಟಕಟೆಗೂ ಅಳಿಯನೇ.

ಇನ್ನೂ ಒಂದು ಸೊಗಸಿದೆ. ವಿಮೆ ಉಂಟೆಂಬ ಸಂಗತಿಯನ್ನು ಜ್ಯೂರಿಯ ಕಿವಿಗೆ ಹಾಕದಿರುವುದು ಅಮೆರಿಕದ ಕೋರ್ಟುಗಳ ವಾಡಿಕೆ. ದುಡ್ಡಿನ ಚೀಲ ಕಂಡರೆ ಜ್ಯೂರಿಯ ಕೈ ಸಡಿಲವಾದೀತೆಂಬ ಭಯ. ಹಾಗಾಗಿ ಜ್ಯೂರಿಗೆ ಕಂಡದ್ದು ಒಬ್ಬ ಹುಡುಗ, ಒಬ್ಬಳು ಅತ್ತೆ, ಮಧ್ಯೆ ಒಂದು ಅಪ್ಪುಗೆ. ದುಡ್ಡು ಉಳಿಸಿಕೊಳ್ಳಬೇಕಾಗಿದ್ದ ಮೂರನೆಯವನು ಪರದೆಯ ಹಿಂದೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಬೈಗುಳವೆಲ್ಲ ಅತ್ತೆಗೆ, ಕಟಕಟೆ ಅಳಿಯನಿಗೆ, ಉಳಿತಾಯ ಕಂಪನಿಗೆ. ಇಷ್ಟು ಅಚ್ಚುಕಟ್ಟಾಗಿ ಪಾತ್ರ ಹಂಚಿದ ನಾಟಕ ಗುಬ್ಬಿ ಕಂಪನಿಯೂ ಆಡಿರಲಿಕ್ಕಿಲ್ಲ.

ಈ ನಾಟಕದ ಹಸ್ತಪ್ರತಿಯೇ ಹೋಮ್‌ಓನರ್ಸ್ ಪಾಲಿಸಿ ಎಂಬ ಮನೆ ವಿಮೆ. ಅಮೆರಿಕದಲ್ಲಿ ಸಾಲ ಮಾಡಿ ಮನೆ ಕೊಂಡವರು, ಅಂದರೆ ಅಲ್ಲಿಗೆ ಹೋದ ನಮ್ಮ ಕನ್ನಡಿಗರಲ್ಲೂ ಬಹುಪಾಲು ಮಂದಿ, ಬ್ಯಾಂಕಿನ ಒತ್ತಾಯಕ್ಕೆ ಅದನ್ನು ಮಾಡಿಸಿರುತ್ತಾರೆ. ಮಾಡಿಸಿದ ಮೇಲೆ ಗೃಹಪ್ರವೇಶದ ಫೋಟೊ ಆಲ್ಬಮ್ಮಿನ ಕೆಳಗೆ ಇಟ್ಟು ಮರೆತಿರುತ್ತಾರೆ. ಆಲ್ಬಮ್ಮನ್ನಾದರೂ ನೆಂಟರು ಬಂದಾಗ ತೆಗೆಯುವುದುಂಟು.

ಅಲ್ಲಿ ಹೆಚ್ಚು ಚಾಲ್ತಿಯಲ್ಲಿರುವ ನಮೂನೆಯ ಹೆಸರು ಎಚ್‌ಒ-3. ಅದರೊಳಗೆ ಎ ಇಂದ ಎಫ್ ತನಕ ಆರು ಅಕ್ಷರಗಳು. ಎ ಎಂದರೆ ಮನೆ. ಬಿ ಎಂದರೆ ಹಿತ್ತಲ ಷೆಡ್ಡು, ಬೇಲಿ ಇತ್ಯಾದಿ; ಸಾಮಾನ್ಯವಾಗಿ ಎ ಮೊತ್ತದ ನೂರಕ್ಕೆ ಹತ್ತರಷ್ಟು. ಸಿ ಎಂದರೆ ಮನೆಯೊಳಗಿನ ಸಾಮಾನು. ಡಿ ಎಂದರೆ ಮನೆ ಸುಟ್ಟಾಗ ಹೋಟೆಲಿನಲ್ಲಿರುವ ಖರ್ಚು. ಇ ಎಂದರೆ ನಿಮ್ಮಿಂದ ಬೇರೆಯವರಿಗೆ ಆದ ಹಾನಿಯ ಹೊಣೆ, ಕನಿಷ್ಠ ಸಾಮಾನ್ಯವಾಗಿ ಒಂದು ಲಕ್ಷ ಡಾಲರ್. ಎಫ್ ಎಂದರೆ ಬಂದವರಿಗೆ ಸಣ್ಣಪುಟ್ಟ ಗಾಯವಾದರೆ, ತಪ್ಪು ಯಾರದೆಂದು ಕೇಳದೆ ಕೊಡುವ ಆಸ್ಪತ್ರೆ ಖರ್ಚು. ಇದು ತಲೆಗೆ ಸಾವಿರ ಡಾಲರಿನಿಂದ ಶುರು. ಆ ಆಸ್ಪತ್ರೆಗಳಲ್ಲಿ ಸಾವಿರ ಡಾಲರಿಗೆ ವೇಯ್ಟಿಂಗ್ ರೂಮಿನ ಕುರ್ಚಿ ಬೆಚ್ಚಗಾಗುವಷ್ಟು ಹೊತ್ತು ಕೂರಬಹುದು.

ಮನೆಗೆ ಏನು ಆದರೂ ಕೊಡುತ್ತೇವೆ, ಮುಂದೆ ಪಟ್ಟಿ ಮಾಡಿರುವುದನ್ನು ಬಿಟ್ಟು, ಎನ್ನುತ್ತದೆ ಪಾಲಿಸಿ. ಸಾಮಾನಿಗೆ ಏನು ಆದರೂ ಕೊಡುವುದಿಲ್ಲ, ಮುಂದೆ ಪಟ್ಟಿ ಮಾಡಿರುವ ಹದಿನಾರು ಅಪಾಯಗಳನ್ನು ಬಿಟ್ಟು, ಎಂದೂ ಎನ್ನುತ್ತದೆ. ಒಂದೇ ಸೂರಿನಡಿ ಗೋಡೆಗೊಂದು ಧರ್ಮ, ಗೋಡೆಗೆ ಒರಗಿದ ಸೋಫಾಕ್ಕೊಂದು ಧರ್ಮ. ಎಲೆ ಹಾಕಿ, ಕೂರಿಸಿ, ಉಪ್ಪಿನಕಾಯಿಯವರೆಗೂ ಬಡಿಸಿ, ಅನ್ನ ಬರುವ ಹೊತ್ತಿಗೆ ಎಲೆ ಎತ್ತಿಕೊಂಡು ಹೋಗುವ ಕಲೆ ಇದು.

ಸಿ ಅಕ್ಷರದ ಒಳಪಟ್ಟಿಯನ್ನು ನಮ್ಮ ಹೆಣ್ಣುಮಕ್ಕಳು ಒಮ್ಮೆ ಓದಬೇಕು. ಕಳ್ಳತನವಾದರೆ ಚಿನ್ನ, ಒಡವೆ, ವಾಚು ಎಲ್ಲ ಸೇರಿ ಸಾಮಾನ್ಯ ನಮೂನೆಯಲ್ಲಿ 1,500 ಡಾಲರ್ ಮಿತಿ. ಅವಲಕ್ಕಿ ಸರ, ಕಾಸಿನ ಸರ, ಅಜ್ಜಿಯ ಕಾಲದ ವಂಕಿ, ಮದುವೆಯ ಎರಡೆಳೆ ಸರ ಎಲ್ಲದರ ಒಟ್ಟು ಬೆಲೆ ಅಷ್ಟು. ಕೊಂಡಿಯ ತೂಕಕ್ಕೆ ಸಾಕಾದೀತು. ಹೆಚ್ಚು ಬೇಕಿದ್ದರೆ ಒಂದೊಂದನ್ನೂ ತೂಗಿಸಿ, ಬೆಲೆ ಕಟ್ಟಿಸಿ, ಪ್ರತ್ಯೇಕವಾಗಿ ಬರೆಸಬೇಕು. ಅದೇ ಪಟ್ಟಿಯಲ್ಲಿ ಕಳುವಾದ ಬಂದೂಕುಗಳಿಗೆ ಮಿತಿ 2,500 ಡಾಲರ್. ಮಾಂಗಲ್ಯಕ್ಕಿಂತ ಬಂದೂಕಿಗೆ ಸಾವಿರ ಡಾಲರ್ ಹೆಚ್ಚು ಮರ್ಯಾದೆ. ಆ ದೇಶದ ರಾಜಕೀಯವನ್ನು ಅರ್ಥ ಮಾಡಿಕೊಳ್ಳಲು ದಪ್ಪ ದಪ್ಪ ಪುಸ್ತಕ ಓದುವವರು ಈ ಎರಡು ಸಾಲು ಓದಿದರೆ ಸಮಯ ಉಳಿಯುತ್ತದೆ.

ಈಗ ಇ ಅಕ್ಷರಕ್ಕೆ ಬನ್ನಿ. ನಮ್ಮಲ್ಲಿ ಅತಿಥಿ ದೇವರು. ಅಮೆರಿಕದ ಹಳೆಯ ನ್ಯಾಯಶಾಸ್ತ್ರದಲ್ಲಿ ಮನೆಗೆ ಕಾಲಿಟ್ಟವರಿಗೆ ಮೂರು ಮೆಟ್ಟಿಲು. ಮೇಲಿನ ಮೆಟ್ಟಿಲಲ್ಲಿ ವ್ಯಾಪಾರಕ್ಕೆಂದು ಬಂದವರು; ಇವರಿಗಾಗಿ ಅಪಾಯವನ್ನು ಹುಡುಕಿ ಸರಿಪಡಿಸಬೇಕು. ನಡುವಿನಲ್ಲಿ ಊಟಕ್ಕೆ ಕರೆದ ಸ್ನೇಹಿತರು. ಇವರಿಗೆ, ನಮಗೆ ಗೊತ್ತಿರುವ ಅಪಾಯವನ್ನು ಹೇಳಿದರೆ ಸಾಕು. ಕೆಳಗೆ ಅತಿಕ್ರಮ ಪ್ರವೇಶದವರು. ಇವರಿಗಾಗಿ ಬೇಕೆಂದು ಗುಂಡಿ ತೋಡದಿದ್ದರೆ ಸಾಕು. ಅಂದರೆ ನೀವು ಪ್ರೀತಿಯಿಂದ ಕರೆದ ಗೆಳೆಯನಿಗಿಂತ ನಿಮ್ಮ ಫ್ರಿಜ್ ರಿಪೇರಿಗೆ ಬಂದವನ ಕಾಲು ಹೆಚ್ಚು ಬೆಲೆಬಾಳುವಂಥದ್ದು. 1968ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟಿನ ಮುಂದೆ ಬಚ್ಚಲಿನ ನಲ್ಲಿಯ ವಿಚಾರ ಬಂತು. ಅತಿಥಿ ಬಚ್ಚಲಿಗೆ ಹೋದ. ಪಿಂಗಾಣಿಯ ಹಿಡಿ ಬಿರುಕು ಬಿಟ್ಟಿತ್ತು. ತಿರುಗಿಸಿದಾಗ ಒಡೆದು ಕೈಯ ನರ ಕತ್ತರಿಸಿತು. ಬಿರುಕಿನ ವಿಷಯ ಮನೆಯಾಕೆಗೆ ಗೊತ್ತಿತ್ತು, ಮನೆ ಮಾಲೀಕರಿಗೆ ಹೇಳಿಯೂ ಇದ್ದರು, ಅತಿಥಿಗೆ ಹೇಳಿರಲಿಲ್ಲ. ಮೆಟ್ಟಿಲುಗಳ ಲೆಕ್ಕ ಬಿಡಿ, ಯಾರೇ ಬಂದರೂ ಮನುಷ್ಯರೇ, ತಕ್ಕಷ್ಟು ಎಚ್ಚರ ವಹಿಸಿ ಎಂದಿತು ಕೋರ್ಟು. ಒಡೆದ ನಲ್ಲಿಯಿಂದ ಸಮಾನತೆ ಹರಿದದ್ದಕ್ಕೆ ನ್ಯಾಯದ ಚರಿತ್ರೆಯಲ್ಲಿ ಇದೊಂದು ಸಾಕ್ಷಿ. ನಮ್ಮ ಕಡೆ ನಲ್ಲಿ ಬಿಗಿದುಕೊಂಡಿದ್ದರೆ "ಸ್ವಲ್ಪ ಜೋರಾಗಿ ತಿರುಗಿಸಿ, ಬರತ್ತೆ" ಎನ್ನುತ್ತೇವೆ. ಎಚ್ಚರಿಕೆಯೂ ಆಯಿತು, ಉಪಚಾರವೂ ಆಯಿತು.

ಕರೆಯದೆ ಬಂದವರಲ್ಲಿ ಮಕ್ಕಳದ್ದು ಬೇರೆ ವರ್ಗ. ನಿಮ್ಮ ಹಿತ್ತಲಲ್ಲಿ ಈಜುಕೊಳವಿದ್ದು, ಪಕ್ಕದ ಮನೆಯ ಹುಡುಗ ಬೇಲಿ ಹಾರಿ ಬಂದು ಬಿದ್ದರೆ ಹೊಣೆ ನಿಮ್ಮ ಕೊರಳಿಗೆ ಬರಬಹುದು. ಮಕ್ಕಳನ್ನು ಸೆಳೆಯುವ ಅಪಾಯವನ್ನು ಇಟ್ಟುಕೊಂಡದ್ದೇ ಅಪರಾಧ ಎನ್ನುವ ಸಿದ್ಧಾಂತ ಅದು. ಟ್ರ್ಯಾಂಪೊಲಿನ್ ಎಂಬ ಕುಪ್ಪಳಿಸುವ ಬಲೆಯೂ ಅದೇ ಸಾಲಿನದು. ಮಕ್ಕಳಿಗೆ ಖುಷಿ ಕೊಡುವ ವಸ್ತು ಹಿತ್ತಲಲ್ಲಿ ಕಂಡರೆ ಸಾಕು, ಏಜೆಂಟರ ಮುಖ ಸಪ್ಪಗಾಗುತ್ತದೆ. ನಾಯಿಯಾದರೆ ಅದರ ಜಾತಿ ಕೇಳುತ್ತಾರೆ. ಪಿಟ್ ಬುಲ್, ರಾಟ್‌ವೈಲರ್ ಎಂದರೆ ಹಲವು ಕಂಪನಿಗಳು ಬಾಗಿಲು ಹಾಕಿಕೊಳ್ಳುತ್ತವೆ. ನಾಯಿಯ ಜಾತಿ ನೋಡಿ ವಿಮೆ ನಿರಾಕರಿಸಬೇಡಿ ಎಂದು ನ್ಯೂಯಾರ್ಕ್ ರಾಜ್ಯ 2021ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ಬಾಡಿಗೆ ಮನೆ ಕೇಳಲು ಹೋದಾಗ ಮನುಷ್ಯರ ಜಾತಿ ಕೇಳುವ ಬೆಂಗಳೂರಿನ ಮಾಲೀಕರು ಇದನ್ನು ಓದಿ ನಾಯಿಗಳ ಅದೃಷ್ಟಕ್ಕೆ ಬೆರಗಾಗಬಹುದು.

ಮನೆಯ ಬೇಸ್‌ಮೆಂಟಿನಲ್ಲಿ ಸಂಗೀತ ಹೇಳಿಕೊಡುವ ನಮ್ಮ ಗೃಹಿಣಿಯರಿಗೂ ಒಂದು ಷರತ್ತು ಕಾದಿದೆ. ಸರಳೆ ವರಸೆಯನ್ನು ಪುಕ್ಕಟೆ ಕಲಿಸಿದರೆ ಶಿಷ್ಯೆ ಅತಿಥಿ. ಮೆಟ್ಟಿಲಲ್ಲಿ ಜಾರಿದರೆ ಪಾಲಿಸಿ ಕೈ ಹಿಡಿಯುತ್ತದೆ. ಫೀಸಿನ ಗಳಿಕೆ ವರ್ಷಕ್ಕೆ 2,000 ಡಾಲರ್ ದಾಟಿದರೆ ಸಾಮಾನ್ಯ ನಮೂನೆಯ ಪ್ರಕಾರ ಅದು ವ್ಯಾಪಾರ. ಪಾಲಿಸಿ ಕೈ ಬಿಡುತ್ತದೆ. ತ್ಯಾಗರಾಜರು ನಿಧಿ ಸುಖವೋ ಸನ್ನಿಧಿ ಸುಖವೋ ಎಂದು ಕೇಳಿಕೊಂಡ ಪ್ರಶ್ನೆಗೆ ವಿಮಾ ಕಂಪನಿ ಗಡಿರೇಖೆ ಎಳೆದು ಉತ್ತರ ಕೊಟ್ಟಿದೆ.

ಆದರೆ ಪಾಲಿಸಿಯ ನಿಜವಾದ ಮಹಾಕಾವ್ಯ ಇರುವುದು "ಮನೆಯವರು ಯಾರು" ಎಂಬ ಭಾಗದಲ್ಲಿ. ಹೊಣೆ ವಿಮೆ ಇರುವುದು ಹೊರಗಿನವರಿಗೆ ಆದ ಏಟಿಗೆ. ಮನೆಯಲ್ಲೇ ವಾಸವಿರುವ ರಕ್ತಸಂಬಂಧಿಗೆ ಏಟಾದರೆ ಪೈಸೆ ಇಲ್ಲ. ಈಗ ಮೈಸೂರಿನ ಅಮ್ಮ ಆರು ತಿಂಗಳ ವೀಸಾದಲ್ಲಿ ನ್ಯೂಜೆರ್ಸಿಯ ಮಗನ ಮನೆಗೆ ಬರುತ್ತಾರೆ ಎಂದಿಟ್ಟುಕೊಳ್ಳಿ. ಜನವರಿಯ ಬೆಳಗ್ಗೆ ರಂಗೋಲಿ ಹಾಕಲು ಬಾಗಿಲು ತೆರೆದು ಕಾಲಿಟ್ಟರೆ ಮಂಜುಗಡ್ಡೆ. ಸೊಂಟದ ಮೂಳೆ. ಮಗ ಊರಿನಿಂದ ಅಮ್ಮನಿಗೆ ಮಾಡಿಸಿದ್ದ ಪ್ರವಾಸಿ ವಿಮೆ ಹಳೆಯ ಬಿಪಿ, ಹಳೆಯ ಮೂಳೆ ಎಂದು ಗೊಣಗುತ್ತದೆ. ಮನೆ ವಿಮೆಯ ಕಡೆಯಿಂದ ಫೋನು ಬರುತ್ತದೆ: ನಿಮ್ಮ ತಾಯಿ ಈ ಮನೆಯ ನಿವಾಸಿಯೋ, ಅಲ್ಲವೋ?

ಪ್ರಶ್ನೆ ಸಣ್ಣದು. ಉತ್ತರ ಸಾವಿರಾರು ಡಾಲರಿನದು. ಆರು ತಿಂಗಳಿಂದ ಇಲ್ಲೇ ಇದ್ದಾರೆಯೇ? ಅವರಿಗೇ ಅಂತ ಕೋಣೆ ಇದೆಯೇ? ಬಟ್ಟೆ ಎಲ್ಲಿಡುತ್ತಾರೆ? ಕಾಗದಪತ್ರ ಯಾವ ವಿಳಾಸಕ್ಕೆ ಬರುತ್ತದೆ? ಹಿಂದಿರುಗುವ ಟಿಕೆಟ್ ಇದೆಯೇ? ಮಗ ನೆಂಟರ ಮುಂದೆ ವರ್ಷವಿಡೀ ಹೇಳಿಕೊಂಡು ಬಂದದ್ದು "ಅಮ್ಮ ಇನ್ನು ನಮ್ಮ ಜೊತೆಗೇ" ಎಂದು. ಸೊಸೆ ಪ್ರತಿದಿನ ಮನಸ್ಸಿನಲ್ಲೇ ಎಣಿಸಿದ್ದು ಹಿಂದಿರುಗುವ ಟಿಕೆಟ್ಟಿನ ತಾರೀಖು. ಕಂಪನಿಯ ಮುಂದೆ ಬೆಲೆ ಬರುವುದು ಸೊಸೆಯ ಲೆಕ್ಕಕ್ಕೇ. ಅಮ್ಮ ನಮ್ಮ ಮನೆಯವಳಲ್ಲ, ಬಂದು ಹೋಗುವವಳು, ಅವಳಿಗೆ ಇಲ್ಲಿ ಮನೆ ಇಲ್ಲ ಎಂದು ಮಗ ಬಾಯಿ ಬಿಟ್ಟು ಹೇಳಿದರೆ ಅಮ್ಮನ ಸೊಂಟಕ್ಕೆ ದುಡ್ಡು ಬರುವ ದಾರಿ ತೆರೆಯುತ್ತದೆ. ಮನೆಯವಳೇ ಎಂದು ಅಭಿಮಾನದಿಂದ ಹೇಳಿದರೆ ದಾರಿ ಮುಚ್ಚುತ್ತದೆ. ದಾರಿ ತೆರೆದ ಮೇಲೂ ದೊಡ್ಡ ಮೊತ್ತ ಬೇಕೆಂದರೆ ಮಂಜು ಬಳಿಯದೆ ಬಿಟ್ಟದ್ದು ಮಗನ ನಿರ್ಲಕ್ಷ್ಯ ಎಂದು ತಾಯಿ ದೂರಬೇಕು. ಸಾವಿರ ವರ್ಷ ಮಾತೃವಾತ್ಸಲ್ಯ ಹಾಡಿದ ಕವಿಗಳಿಗೆ ಹೊಳೆಯದ ಸನ್ನಿವೇಶವನ್ನು ಒಬ್ಬ ಕ್ಲೇಮ್ ಅಡ್ಜಸ್ಟರ್ ಫೋನಿನಲ್ಲೇ ಹೆಣೆದುಬಿಡುತ್ತಾನೆ.

ಇದರಲ್ಲಿ ಕಂಪನಿಯ ದುಷ್ಟತನ ಹುಡುಕಬೇಡಿ. ಮನೆಯವರೇ ಒಬ್ಬರ ಮೇಲೊಬ್ಬರು ಕೇಸು ಹಾಕಿಕೊಂಡು ದುಡ್ಡು ಹೊಡೆಯದಿರಲಿ ಎಂಬ ಎಚ್ಚರಿಕೆಯಷ್ಟೆ ಅದು. ಕೇಸು ಬಿದ್ದಾಗ ಅದು ಎಷ್ಟೇ ಹುರುಳಿಲ್ಲದ್ದಾಗಿರಲಿ, ಸುಳ್ಳೇ ಆಗಿರಲಿ, ನಿಮ್ಮ ಪರ ವಕೀಲರನ್ನು ನಿಲ್ಲಿಸಿ ಹೊಡೆದಾಡುವ ಕರ್ತವ್ಯವೂ ಕಂಪನಿಯದೇ. ನಿಜ ಹೇಳಬೇಕೆಂದರೆ ಇಡೀ ಪಾಲಿಸಿಯಲ್ಲಿ ದುಡ್ಡಿಗೆ ತಕ್ಕ ಸರಕು ಇದೊಂದೇ. ಒಂದು ಲಕ್ಷ ಸಾಲದೆಂದು ಕಂಡವರು ಮೇಲಿಂದ "ಅಂಬ್ರೆಲಾ" ಎಂಬ ಹತ್ತು ಲಕ್ಷ ಡಾಲರಿನ ಇನ್ನೊಂದು ಪಾಲಿಸಿ ಕೊಳ್ಳುತ್ತಾರೆ. ಕೊಡೆ ಹಿಡಿದವನಿಗೆ ಮಳೆ ಬಂದರೆ ಮಾತ್ರ ಕೊಡಲಾಗದು.

ಏಕೆಂದರೆ ಪ್ರವಾಹ ಹೊರಗೆ. ಎಚ್‌ಒ-3ರಲ್ಲಿ ನೆರೆ ನೀರು ಸೇರುವುದಿಲ್ಲ, ಭೂಕಂಪ ಸೇರುವುದಿಲ್ಲ. ಯುದ್ಧ, ಅಣುದುರಂತಗಳು ಬಿಡಿ, ಅವು ಬಂದಾಗ ಕ್ಲೇಮ್ ಫಾರಂ ತುಂಬುವವರೂ ಇರುವುದಿಲ್ಲ. ನೆರೆಗೆ ಖಾಸಗಿ ಕಂಪನಿಗಳು ಕೈ ಎತ್ತಿದ್ದರಿಂದ 1968ರಲ್ಲಿ ಕೇಂದ್ರ ಸರ್ಕಾರವೇ ನೆರೆ ವಿಮೆಯ ಅಂಗಡಿ ತೆರೆಯಿತು. ಮನೆಗೆ ಹೆಚ್ಚೆಂದರೆ ಎರಡೂವರೆ ಲಕ್ಷ ಡಾಲರ್, ಸಾಮಾನಿಗೆ ಒಂದು ಲಕ್ಷ. ಸಾಧಾರಣವಾಗಿ ದುಡ್ಡು ಕಟ್ಟಿ 30 ದಿನ ಕಾಯಬೇಕು. ಮೋಡ ನೋಡಿಕೊಂಡು ಓಡಿ ಬರುವವರಿಗೆ ಇಲ್ಲ.

2005ರಲ್ಲಿ ಕತ್ರಿನಾ ಚಂಡಮಾರುತ ಮಿಸಿಸಿಪ್ಪಿಯ ಕರಾವಳಿಗೆ ಅಪ್ಪಳಿಸಿದಾಗ ಈ ಷರತ್ತಿನ ತತ್ತ್ವಶಾಸ್ತ್ರ ಬೆಳಕಿಗೆ ಬಂತು. ಗಾಳಿಯಿಂದ ಹಾಳಾದರೆ ಪಾಲಿಸಿ ಕೊಡುತ್ತದೆ, ನೀರಿನಿಂದ ಹಾಳಾದರೆ ಕೊಡುವುದಿಲ್ಲ. ಚಂಡಮಾರುತ ಎರಡನ್ನೂ ಒಟ್ಟಿಗೆ ತಂದಿತ್ತು. ಗೋಡೆ, ಮಾಡು, ಬಾಗಿಲು ಎಲ್ಲ ಹೋಗಿ ಎಷ್ಟೋ ಕಡೆ ಉಳಿದದ್ದು ತಳದ ಕಾಂಕ್ರೀಟ್ ಹಾಸು ಮಾತ್ರ. ಎಂಜಿನಿಯರುಗಳು ಟೇಪು ಹಿಡಿದು ಆ ಹಾಸಿನ ಸುತ್ತ ನಡೆದಾಡಿದರು. ಮನೆಯನ್ನು ಮೊದಲು ಒಯ್ದವನು ವಾಯುವೋ ವರುಣನೋ? ಜಗಳ ವರ್ಷಗಟ್ಟಲೆ ಕೋರ್ಟುಗಳಲ್ಲಿ ನಡೆಯಿತು. ದ್ವೈತ, ಅದ್ವೈತಗಳ ನಡುವೆಯೂ ಇಷ್ಟು ಸೂಕ್ಷ್ಮವಾದ ವಾದ ನಡೆದಿರಲಾರದು, ಏಕೆಂದರೆ ಅಲ್ಲಿ ಮಾಡು ಕಳೆದುಕೊಂಡವರು ಬಯಲಲ್ಲಿ ನಿಂತು ಕಾಯುತ್ತಿರಲಿಲ್ಲ.

ಬೆಂಕಿಯಾದರೂ ಪಾಲಿಸಿಯ ಒಳಗೇ ಇದೆಯಲ್ಲ ಎಂದು ಸಮಾಧಾನ ಪಡುವವರು ಕ್ಯಾಲಿಫೋರ್ನಿಯಾ ನೋಡಬೇಕು. ಬೆಂಕಿ ಒಳಗಿದೆ; ಕಂಪನಿಯೇ ಹೊರಗೆ ಹೋಗುತ್ತಿದೆ. ಒಳ್ಳೆಯ ನೆರೆಯವನಂತೆ ಜೊತೆಗಿರುತ್ತೇವೆಂದು ಐದು ದಶಕ ಜಾಹೀರಾತಿನಲ್ಲಿ ಹಾಡಿಕೊಂಡು ಬಂದ ಸ್ಟೇಟ್ ಫಾರ್ಮ್ 2023ರ ಮೇ ತಿಂಗಳಲ್ಲಿ ಆ ರಾಜ್ಯದಲ್ಲಿ ಹೊಸ ಮನೆ ವಿಮೆ ಬರೆಯುವುದನ್ನು ನಿಲ್ಲಿಸಿತು. 2024ರ ಮಾರ್ಚಿನಲ್ಲಿ ಮನೆ, ಅಪಾರ್ಟ್‌ಮೆಂಟ್ ಸೇರಿ ಸುಮಾರು 72 ಸಾವಿರ ಪಾಲಿಸಿಗಳನ್ನು ನವೀಕರಿಸುವುದಿಲ್ಲವೆಂದು ಸಾರಿತು. 2025ರ ಜನವರಿಯಲ್ಲಿ ಲಾಸ್ ಏಂಜಲೀಸಿನ ಪ್ಯಾಲಿಸೇಡ್ಸ್ ಮತ್ತು ಈಟನ್ ಬೆಂಕಿಗಳು 16 ಸಾವಿರಕ್ಕೂ ಹೆಚ್ಚು ಕಟ್ಟಡಗಳನ್ನು ನುಂಗಿದವು. ಹೊಗೆ ಕಾಣುವ ಮೊದಲೇ ವಾಸನೆ ಹಿಡಿದ ನೆರೆಯವನ ಮೂಗನ್ನು ಮೆಚ್ಚಬೇಕು. ಕಂಪನಿಗಳ ವಾದವನ್ನೂ ಕೇಳೋಣ: 1988ರಲ್ಲಿ ಮತದಾರರೇ ಪಾಸು ಮಾಡಿದ ಕಾನೂನಿನಂತೆ ಪ್ರೀಮಿಯಂ ಏರಿಸಲು ಸರ್ಕಾರದ ಒಪ್ಪಿಗೆ ಬೇಕು, ಕಾಡು ಒಣಗಲು ಯಾರ ಒಪ್ಪಿಗೆಯೂ ಬೇಡ. ಕೈಬಿಟ್ಟವರಿಗೆ ಕೊನೆಯ ಆಸರೆಯಾಗಿ ಫೇರ್ ಪ್ಲ್ಯಾನ್ ಎಂಬ ವ್ಯವಸ್ಥೆ ಇದೆ. ಅದರಲ್ಲಿ ಬೆಂಕಿಗೆ ರಕ್ಷಣೆಯುಂಟು, ಹೊಣೆ ವಿಮೆ ಇಲ್ಲ. ಮನೆ ಸುಟ್ಟರೆ ದುಡ್ಡು ಬರುತ್ತದೆ, ಮನೆಗೆ ಬಂದವರು ಬಿದ್ದರೆ ಬರುವುದಿಲ್ಲ. ಆದ್ದರಿಂದ ಅಂಥ ಮನೆಗೆ ನೆಂಟರನ್ನು ಕರೆಯುವುದಿದ್ದರೆ ಬೆಂಕಿ ಬಿದ್ದ ಮೇಲೆ ಕರೆಯುವುದು ಕ್ಷೇಮ.

ವಿಮೆಯವರಿಗೆ ಮರಗಿಡಗಳ ಮೇಲೆ ಮುನಿಸು ಇವತ್ತಿನದಲ್ಲ. ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಗೆಳೆಯರು 1752ರಲ್ಲಿ ಫಿಲಡೆಲ್ಫಿಯಾದಲ್ಲಿ ಕಟ್ಟಿದ ಬೆಂಕಿ ವಿಮಾ ಸಂಘ ಇಂದಿಗೂ ಇದೆ. ಮುಂದೆ ಮರವಿದ್ದ ಮನೆಗೆ ವಿಮೆ ಇಲ್ಲವೆಂದು ಅದು 1781ರಲ್ಲಿ ತೀರ್ಮಾನಿಸಿತು. ಬೆಂಕಿ ಆರಿಸುವವರಿಗೆ ಕೊಂಬೆ ಅಡ್ಡ ಬರುತ್ತದೆಂದು. ನೆರಳು ಬಿಡಲೊಲ್ಲದ ಜನ 1784ರಲ್ಲಿ ಬೇರೆ ಸಂಘ ಕಟ್ಟಿಕೊಂಡು ಹಸಿರು ಮರವನ್ನೇ ಲಾಂಛನ ಮಾಡಿಕೊಂಡರು. ಈಗ ಕಂಪನಿಯವರು ಬಾಗಿಲಿಗೆ ಬಂದು ಮರ ನೋಡುವ ಕಷ್ಟವಿಲ್ಲ. ವಿಮಾನ, ಡ್ರೋನುಗಳಿಂದ ತೆಗೆದ ಫೋಟೊದಲ್ಲಿ ಮಾಡಿನ ಪಾಚಿ, ಬಾಗಿದ ಕೊಂಬೆ, ಹೇಳದೆ ತಂದಿಟ್ಟ ಟ್ರ್ಯಾಂಪೊಲಿನ್ ಎಲ್ಲ ಕಾಣುತ್ತದೆ. ಮೇಲಿನವನು ನೋಡುತ್ತಿದ್ದಾನೆ ಎಂಬ ನಂಬಿಕೆ ಅಮೆರಿಕದಲ್ಲಿ ಸಡಿಲವಾಗುತ್ತಿದೆ ಎನ್ನುವವರು ಪಾಲಿಸಿ ರದ್ದಾದ ಕಾಗದ ಬಂದವರನ್ನು ವಿಚಾರಿಸಬೇಕು.

ನಗಾಡಿದ್ದು ಸಾಕು. ನಮ್ಮ ಅಂಗಳಕ್ಕೆ ಬರೋಣ.

ನಮ್ಮಲ್ಲೂ ಮನೆ ವಿಮೆ ಉಂಟು. 2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರ "ಭಾರತ್ ಗೃಹ ರಕ್ಷಾ" ಎಂಬ ಒಂದೇ ಅಚ್ಚಿನ ಪಾಲಿಸಿ ತಂದಿದೆ. ಏಪ್ರಿಲ್ 1 ಎಂಬ ತಾರೀಖನ್ನು ಕಡೆಗಣಿಸಿದರೆ ಪಾಲಿಸಿ ಕೆಟ್ಟದ್ದೇನಲ್ಲ. ಬೆಂಕಿ, ಸಿಡಿಲು, ಭೂಕಂಪ, ನೆರೆ, ಭೂಕುಸಿತ, ಸುನಾಮಿ ಎಲ್ಲ ಸೇರಿದೆ. ಅಮೆರಿಕದವರು ಕೈ ಬಿಟ್ಟದ್ದನ್ನೂ ನಾವು ಎತ್ತಿಕೊಂಡಿದ್ದೇವೆ. ಜ್ವಾಲಾಮುಖಿ ಸೇರಿದೆ, ದೇಶದ ಜೀವಂತ ಜ್ವಾಲಾಮುಖಿ ಇರುವುದು ಅಂಡಮಾನಿನ ಬ್ಯಾರನ್ ದ್ವೀಪದಲ್ಲಾದರೂ ತುಮಕೂರಿನವರು ನಿಶ್ಚಿಂತೆಯಿಂದ ಮಲಗಬಹುದು. ಕ್ಷಿಪಣಿ ಪರೀಕ್ಷೆ ಸೇರಿದೆ. ಕಳ್ಳತನವೂ ಸೇರಿದೆ, ಒಂದು ನಿಯಮದೊಂದಿಗೆ: ಮೊದಲು ನೆರೆಯೋ ಬೆಂಕಿಯೋ ಬಂದಿರಬೇಕು, ಅದೇ ಕಾರಣಕ್ಕೆ ಕಳ್ಳ ಏಳು ದಿನದೊಳಗೆ ಬರಬೇಕು. ಎಂಟನೆಯ ದಿನ ಬಂದ ಕಳ್ಳ ಪಾಲಿಸಿಯ ಪಾಲಿಗೆ ಕಳ್ಳನೇ ಅಲ್ಲ. ಸಾಮಾನಿಗೆ, ಬೇರೆ ಹೇಳದಿದ್ದರೆ, ಮನೆಯ ಮೊತ್ತದ ನೂರಕ್ಕೆ ಇಪ್ಪತ್ತು, ಹೆಚ್ಚೆಂದರೆ 10 ಲಕ್ಷ ರೂಪಾಯಿ. ಮನೆಯ ಮೊತ್ತವೆಂದರೂ ಕಟ್ಟಲು ತಗಲುವ ಖರ್ಚು ಮಾತ್ರ, ಸೈಟಿನ ಬೆಲೆ ಅಲ್ಲ. ನನ್ನ ಮನೆ ನಾಲ್ಕು ಕೋಟಿಯದು ಎಂದು ಜಯನಗರದಲ್ಲಿ ಬೀಗುವವರಿಗೆ, ಸ್ವಾಮಿ, ನಿಮ್ಮ ಮನೆಯಲ್ಲಿ ಮನೆ ಎಂಬುದು ಇಷ್ಟೇ, ಉಳಿದದ್ದು ಮಣ್ಣು ಎಂದು ವೇದಾಂತ ಹೇಳುವ ಏಕೈಕ ಸರ್ಕಾರಿ ಅಚ್ಚಿನ ಕಾಗದ ಇದು.

ಹಾಗಿದ್ದೂ ಬ್ಯಾಂಕು ಕತ್ತು ಹಿಡಿಯದೆ ಇದನ್ನು ಮಾಡಿಸುವವರು ಅಪರೂಪ. ಅಮೆರಿಕದವರು ಎ, ಬಿ, ಸಿ ಅಕ್ಷರಗಳನ್ನು ದುಡ್ಡು ಕೊಟ್ಟು ಮೊದಲೇ ಕೊಳ್ಳುತ್ತಾರೆ. ನಮಗೆ ಅಕ್ಷರ ಸಿಗುವುದು ಮನೆ ಬಿದ್ದ ಮೇಲೆ, ಅದೂ ಉಚಿತವಾಗಿ. 2019ರ ನೆರೆಯಲ್ಲಿ ಬೆಳಗಾವಿ, ಬಾಗಲಕೋಟೆ ಕಡೆಯ ಮನೆಗಳಿಗೆ ಅಧಿಕಾರಿಗಳು ಎ, ಬಿ, ಸಿ ವರ್ಗ ಬರೆದರು. ಪೂರ್ತಿ ಬಿದ್ದದ್ದು ಎ, ಅದಕ್ಕೆ 5 ಲಕ್ಷ ರೂಪಾಯಿ ಎಂದಿತು ಸರ್ಕಾರ. ಸಿ ಎಂದರೆ ಗಾಯ ಸಣ್ಣದು, ದುಡ್ಡೂ ಸಣ್ಣದು. ಆಮೇಲೆ ಶುರುವಾದದ್ದು ವರ್ಗ ಬದಲಾವಣೆಯ ಅಲೆದಾಟ. ಬಿದ್ದ ಗೋಡೆ ಸಿ ಆಯಿತು, ನಿಂತ ಗೋಡೆ ಎ ಆಯಿತು ಎಂಬ ದೂರುಗಳು ನೀರು ಇಳಿದ ಮೇಲೂ ಇಳಿಯಲಿಲ್ಲ.

ಗೃಹ ರಕ್ಷೆಯ ಮೂಲ ಪಾಲಿಸಿಯಲ್ಲಿ ಜ್ವಾಲಾಮುಖಿ ಇದ್ದರೂ ಇಲ್ಲದಿರುವುದು ಒಂದುಂಟು: ನಿಮ್ಮ ಮನೆಯಲ್ಲಿ ಬೇರೆಯವರಿಗೆ ಆದ ಏಟಿನ ಹೊಣೆ. ಬೇರೆ ಪ್ಯಾಕೇಜುಗಳಲ್ಲಿ, ಕೇಳಿ ಸೇರಿಸಿಕೊಂಡರೆ ಅದೂ ಸಿಗುತ್ತದೆ. ಕೇಳುವವರು ಬೇಕಲ್ಲ. ನಮಗೆ ಗೊತ್ತಿರುವ ಹೊಣೆ ವಿಮೆ ಒಂದೇ, ಗಾಡಿಯ ಥರ್ಡ್ ಪಾರ್ಟಿ. ಅದನ್ನೂ ಮಾಡಿಸುವುದು ಥರ್ಡ್ ಪಾರ್ಟಿಯ ಮೇಲಿನ ಕರುಣೆಯಿಂದಲ್ಲ, ಸಿಗ್ನಲ್ಲಿನಲ್ಲಿ ನಿಂತ ಪೊಲೀಸರ ಮೇಲಿನ ಭಕ್ತಿಯಿಂದ.

ಮನೆಯ ವಿಷಯಕ್ಕೆ ಬಂದರೆ ನಮ್ಮ ಹೊಣೆ ವಿಮೆ ಒಂದು ಬೋರ್ಡು. "ನಾಯಿ ಇದೆ ಎಚ್ಚರಿಕೆ." "ವಾಹನಗಳನ್ನು ಮಾಲೀಕರ ಸ್ವಂತ ಜವಾಬ್ದಾರಿಯಲ್ಲಿ ನಿಲ್ಲಿಸುವುದು." "ಲಿಫ್ಟಿನಲ್ಲಿ ಏನೇ ಆದರೂ ಸಂಘ ಹೊಣೆಯಲ್ಲ." ಒಮ್ಮೆ ಬರೆಸಿದರೆ ಜೀವಮಾನದ ಕವರ್, ನವೀಕರಣ ಬೇಡ, ಪ್ರೀಮಿಯಂ ಬೋರ್ಡು ಬರೆಯುವವನಿಗೆ ಕೊಟ್ಟರಾಯಿತು. ನಾಲ್ಕನೆಯ ಮಹಡಿಯ ಬಾಲ್ಕನಿಯ ಕಟ್ಟೆ ಮೇಲೆ ತುಳಸಿ ಕುಂಡ ಇಡುತ್ತೇವೆ. ಕೆಳಗೆ ನಡೆಯುವವರ ತಲೆ ಅವರವರ ಹಣೆಬರಹ. ಮೇಲೆ ತುಳಸಿ ಬೇರೆ ಇರುವುದರಿಂದ ಪುಣ್ಯವೂ ಲಭ್ಯ.

ದಸರಾ ಬಂತೆಂದರೆ ಅಟ್ಟದಿಂದ ಗೊಂಬೆ ಪೆಟ್ಟಿಗೆ ಇಳಿಸಬೇಕು. ಯಜಮಾನರಿಗೆ ಮಂಡಿ ನೋವು, ಯಜಮಾನಿತಿಗೆ ತಲೆ ಸುತ್ತು, ಮಗನಿಗೆ ಮೀಟಿಂಗು. ಏರುವವಳು ಕೆಲಸದಾಕೆ. ಸ್ಟೂಲಿನ ಒಂದು ಕಾಲು ಅಲ್ಲಾಡುವುದು ಮನೆಯವರಿಗೆಲ್ಲ ಗೊತ್ತು. ಆಕೆಗೆ ಮಾತ್ರ ಯಾರೂ ಹೇಳಿರುವುದಿಲ್ಲ. ಬಿದ್ದಳು. ಮೊದಲು ಕೇಳಿಬರುವ ಮಾತು "ಗೊಂಬೆ ಒಡೀತಾ?" ಎಂದು. ಆಮೇಲೆ ಡೋಲೋ ಮಾತ್ರೆ, ಒಂದು ಲೋಟ ಕಾಫಿ, ಪಾಪ ಎಂಬ ಒಂದು ಮಾತು, ಸೆರಗಿಗೆ ತುರುಕಿದ ಐನೂರರ ನೋಟು. ಮೂಳೆ ಸರಿದಿದ್ದರೆ ಪುತ್ತೂರು ಕಟ್ಟಿನವರ ವಿಳಾಸ. ಮೂರು ವಾರ ಬಾರದಿದ್ದರೆ ಬೇರೆಯವಳು. ಇಲ್ಲಿ ಕೇಸಿಲ್ಲ, ವಕೀಲರಿಲ್ಲ, ಜ್ಯೂರಿ ಇಲ್ಲ. ಸ್ಟೂಲು ಸಹ ಬದಲಾಗುವುದಿಲ್ಲ. ಇದನ್ನು ನಾವು ಸಂಬಂಧ ಎನ್ನುತ್ತೇವೆ. "ನಮ್ಮ ಮನೆಯವಳ ಹಾಗೇ ನೋಡ್ಕೊಂಡಿದೀವಿ."

ಇಷ್ಟು ಅಗ್ಗದ ವಿಮೆ ಲಂಡನ್ನಿನ ಲಾಯ್ಡ್ಸ್‌ನವರಿಗೂ ಕೊಡಲು ಬಾರದು. ಪಾಲಿಸಿ ಇಲ್ಲದ ಊರಿನಲ್ಲೂ ಪ್ರೀಮಿಯಂ ಯಾರೋ ಒಬ್ಬರು ಕಟ್ಟುತ್ತಲೇ ಇರುತ್ತಾರೆ. ನಮ್ಮ ಬಡಾವಣೆಗಳಲ್ಲಿ ಅದನ್ನು ಕಟ್ಟುತ್ತಿರುವವರು ಕೆಲಸದಾಕೆ, ಪೇಂಟರು, ಟ್ಯಾಂಕು ತೊಳೆಯುವ ಹುಡುಗ, ರಾತ್ರಿ ಕಾವಲಿನ ಮುದುಕ. ಅವರು ಕಟ್ಟುವುದು ಸೊಂಟ, ಮಣಿಕಟ್ಟು, ಬೆನ್ನುಹುರಿಯ ಕಂತುಗಳಲ್ಲಿ. ರಸೀದಿ ಕೇಳುವುದಿಲ್ಲ, ಒಂದು ತಿಂಗಳೂ ಬಾಕಿ ಉಳಿಸಿಕೊಳ್ಳುವುದಿಲ್ಲ. ಅದಕ್ಕೇ ನಮ್ಮಲ್ಲಿ ಯಾವ ಏಜೆಂಟನೂ ಬಾಗಿಲು ಬಡಿದು ಹೊಣೆ ವಿಮೆ ಮಾರುವುದಿಲ್ಲ. ಪುಕ್ಕಟೆ ಸಿಗುವಲ್ಲಿ ಯಾರು ಕೊಳ್ಳುತ್ತಾರೆ?